ಲಾಪಿಸ್ ಲಾಜುಲಿ ಎಂಬ ನೀಲಿ ಕಲ್ಲು ಪ್ರಾಚೀನ ಕಾಲದಲ್ಲಿ ಸಾಗಿದ ದಾರಿಯನ್ನು ನಕ್ಷೆಯಲ್ಲಿ ಗುರುತಿಸುವುದು ಹೇಗೆ?

ಮೊದಲು ಕಲ್ಲು ಯಾವುದೆಂದು ಖಚಿತಪಡಿಸಿಕೊಳ್ಳಿ. ಸೋಡಲೈಟ್ ಕೂಡ ನೀಲಿಯೇ, ಆದರೆ ಅದರ ಸಾಪೇಕ್ಷ ಸಾಂದ್ರತೆ (ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಳತೆ) ಸುಮಾರು 2.3, ಲಾಪಿಸ್‌ನದು 2.7ರಿಂದ 2.9. ಹಳೆಯ ಮಣಿಗೆ ಆಮ್ಲ ಹಾಕಿ ಪರೀಕ್ಷಿಸಲೇಬೇಡಿ, ಮೇಲ್ಮೈ ಹಾಳಾಗುತ್ತದೆ.

ನಕ್ಷೆಯಲ್ಲಿ ಅಫ್ಘಾನಿಸ್ತಾನದ ಬದಖ್‌ಶಾನ್‌ನ ಸರ್-ಎ-ಸಂಗ್ ಗಣಿಯಿಂದ ಶುರುಮಾಡಿ ಶೋರ್ತುಗೈ, ಮುಂಡಿಗಾಕ್ (ಎರಡೂ ಅಫ್ಘಾನಿಸ್ತಾನ), ಮೆಹರ್‌ಗಢ (ಪಾಕಿಸ್ತಾನ), ಶಹರ್-ಎ-ಸೋಖ್ತಾ (ಇರಾನ್) ಎಂಬ ಪ್ರಾಚೀನ ನೆಲೆಗಳನ್ನು ಗುರುತಿಸಿ. ಇವೆಲ್ಲ ಒಂದೇ ಕಾಲದವಲ್ಲ. ಕಾಲಕ್ಕೊಂದು ಬಣ್ಣ ಕೊಡಿ. ನೇರ ಗೆರೆ ಎಳೆಯುವುದೇ ದೊಡ್ಡ ತಪ್ಪು, ನಡುವೆ ಹಿಂದೂಕುಶ್ ಪರ್ವತವಿದೆ! ನದಿ ಕಣಿವೆಗಳನ್ನೂ ಘಟ್ಟದ ದಾರಿಗಳನ್ನೂ ಹಿಡಿಯಿರಿ.

ಒಂದು ನೆಲೆಯಲ್ಲಿ ಲಾಪಿಸ್ ಚಕ್ಕೆ, ಅರೆಬರೆ ಮಣಿ, ಕೊರೆಯುವ ಕಲ್ಲಿನ ಮೊನೆ ಒಟ್ಟಿಗೆ ಸಿಕ್ಕರೆ ಅಲ್ಲೇ ಕೆಲಸ ನಡೆದಿತ್ತು ಎಂದರ್ಥ. ಶಹರ್-ಎ-ಸೋಖ್ತಾ ಇದಕ್ಕೆ ಒಳ್ಳೆಯ ಉದಾಹರಣೆ. ಬರೀ ಸಿದ್ಧ ಮಣಿ ಸಿಕ್ಕರೆ ಅದು ಕೈಯಿಂದ ಕೈಗೆ ಬಂದಿರಬಹುದು. ಮಣಿ ಸಿಕ್ಕ ಮಣ್ಣಿನ ಪದರದ ಕಾಲವೇ ಮಣಿಯ ಕಾಲವೆಂದೂ ನಂಬಬೇಡಿ: ಅಜ್ಜಿಯ ಸರ ಮೊಮ್ಮಗಳ ಸಮಾಧಿ ಸೇರುವುದುಂಟು.