ಮೈತ್ರಿಯ ಚಳಿಗಾಲದಲ್ಲಿ ಜನರೇಟರ್ ಕಾಯ್ದ ಅನುಭವ

ಗಂಗಾವತಿಯ ಅಕ್ಕಿ ಗಿರಣಿಗಳ ಜನರೇಟರ್‌ಗಳನ್ನು ರಿಪೇರಿ ಮಾಡುತ್ತಾ ಕಲಿತ ಕೆಲಸವೇ ನನ್ನನ್ನು ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ನೆಲೆ ಮೈತ್ರಿಗೆ ಕರೆದೊಯ್ದಿತು. ಊರಿನಲ್ಲಿ ಎಲ್ಲರೂ ಅಲ್ಲಿನ ಚಳಿಯ ಬಗ್ಗೆಯೇ ಕೇಳುತ್ತಾರೆ. ಆದರೆ ನನಗೆ ಚಳಿಗಿಂತ ಕತ್ತಲೆಯೇ ಹೆಚ್ಚು ಕಠಿಣವೆನಿಸಿತು.

1989ರಲ್ಲಿ ಆರಂಭವಾದ ಮೈತ್ರಿ, ದಕ್ಷಿಣ ಅಕ್ಷಾಂಶ 70 ಡಿಗ್ರಿಯ ಆಚೆ, ಶಿರ್ಮಾಕರ್ ಓಯಸಿಸ್ ಎಂಬ ಬೋಳು ಬಂಡೆಗಳ ಪ್ರದೇಶದಲ್ಲಿದೆ. ಅಲ್ಲಿ ಮೇ ಕೊನೆಗೆ ಮುಳುಗುವ ಸೂರ್ಯ ಸುಮಾರು ಎರಡು ತಿಂಗಳು ಮತ್ತೆ ಮೇಲೇರುವುದಿಲ್ಲ; ಮಧ್ಯಾಹ್ನ ಉತ್ತರ ದಿಗಂತದಲ್ಲಿ ಸ್ವಲ್ಪ ಹೊತ್ತು ಕೆಂಪು ಮೂಡಿ ಆರಿಹೋಗುತ್ತದೆ. ಹಸಿವು, ನಿದ್ದೆ ಎರಡೂ ಹೊತ್ತು ತಪ್ಪುವ ಆ ದಿನಗಳಲ್ಲಿ, ನಿಗದಿತ ಸಮಯಕ್ಕೆ ಜನರೇಟರ್ ಕೋಣೆಗೆ ಹೋಗಿ ಆಯಿಲ್ ಪ್ರೆಷರ್, ಕೂಲಂಟ್ ಉಷ್ಣಾಂಶ, ಇಂಧನದ ಮಟ್ಟಗಳನ್ನು ಲಾಗ್ ಪುಸ್ತಕದಲ್ಲಿ ಬರೆಯುವ ಕೆಲಸವೇ ನನಗೆ ಹಗಲು ರಾತ್ರಿಗಳ ಗುರುತಾಯಿತು.

ವಿದ್ಯುತ್ ನಿಂತರೆ ಅಲ್ಲಿ ದೀಪ ಮಾತ್ರ ಆರುವುದಿಲ್ಲ, ಬಿಸಿಯೂ ಹೋಗುತ್ತದೆ, ಪೈಪಿನ ನೀರು ಹೆಪ್ಪುಗಟ್ಟಿ ಪೈಪೇ ಒಡೆಯುತ್ತದೆ. ಕುಡಿಯುವ ನೀರು ಬರುವುದು ಪಕ್ಕದ ಪ್ರಿಯದರ್ಶಿನಿ ಸರೋವರದಿಂದ. ಮೇಲ್ಪದರ ಗಟ್ಟಿ ಹಿಮವಾದರೂ ಅದರಡಿ ನೀರು ದ್ರವವಾಗಿಯೇ ಉಳಿದಿರುತ್ತದೆ. ಪೈಪಿನ ಜೋಡಣೆ ನೋಡಲು ಹೊರಟಾಗ ಒಬ್ಬರೇ ಹೋಗುವಂತಿಲ್ಲ. ವಾಕಿಟಾಕಿ ಹಿಡಿದು, ತಿಳಿಸಿ, ಜೊತೆಗಾರನೊಂದಿಗೆ ಹೋಗಬೇಕು. ಹಿಮಗಾಳಿ ಎದ್ದರೆ ಚಾಚಿದ ಕೈಯೂ ಕಾಣದು. ಆಗ ಕಟ್ಟಡಗಳ ನಡುವೆ ಬಿಗಿದ ಹಗ್ಗವೇ ದಾರಿ. ದಪ್ಪ ಗ್ಲೌಸ್ ತೊಟ್ಟು ನಟ್ ಹಿಡಿಯಲಾಗದು, ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಲೋಹಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಒಳಗಿನ ತೆಳು ಗ್ಲೌಸ್ ಉಳಿಸಿಕೊಂಡು ಎರಡು ಸುತ್ತು ಬಿಗಿದು, ಕೈಯನ್ನು ಜಾಕೆಟ್ಟಿನೊಳಗೆ ಬೆಚ್ಚಗೆ ಮಾಡಿ, ಮತ್ತೆ ಬಿಗಿಯುತ್ತಿದ್ದೆ. ಟಾರ್ಚಿನ ಬ್ಯಾಟರಿ ಚಳಿಗೆ ಬೇಗ ಸೋಲುವುದರಿಂದ ಅದನ್ನೂ ಅಂಗಿಯೊಳಗೇ ಇಟ್ಟುಕೊಳ್ಳುತ್ತಿದ್ದೆ.

ನಾವು ಹೆಚ್ಚು ಹೆದರುತ್ತಿದ್ದುದು ಬೆಂಕಿಗೆ. ಗಾಳಿ ಅತಿಯಾಗಿ ಒಣಗಿರುತ್ತದೆ, ಆರಿಸಲು ನೀರು ಸುಲಭವಾಗಿ ಸಿಗದು, ಹೊರಗೆ ಓಡಿ ಬದುಕುವಂತೆಯೂ ಇಲ್ಲ. ಆದ್ದರಿಂದ ಬೆಂಕಿ ನಂದಿಸುವ ಕವಾಯತನ್ನು ಯಾರೂ ಹಗುರವಾಗಿ ಕಾಣುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಬಾಣಸಿಗರಿಗೆ ನೆರವಾಗುವ ಸರದಿ ವಿಜ್ಞಾನಿ, ವೈದ್ಯ, ಮೆಕ್ಯಾನಿಕ್ ಎಲ್ಲರಿಗೂ ಬರುತ್ತಿತ್ತು. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ಆ ಒಣ ಹವೆಯಲ್ಲಿ ತಿಂಗಳುಗಟ್ಟಲೆ ಕೆಡಲಿಲ್ಲ. ಗುರೆಳ್ಳು ಚಟ್ನಿ, ಮೊಸರಿನೊಂದಿಗೆ ಉತ್ತರ ಭಾರತದ ಗೆಳೆಯರೂ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಜೂನ್ 21ರ ಮಧ್ಯ ಚಳಿಗಾಲದಂದು ಖಂಡದ ಬೇರೆ ಬೇರೆ ನೆಲೆಗಳಿಂದ ಶುಭಾಶಯಗಳು ಬಂದಾಗ, ಆ ಕತ್ತಲೆಯಲ್ಲಿ ನಮ್ಮಂತೆಯೇ ಎಚ್ಚರವಾಗಿರುವವರು ಇನ್ನೂ ಇದ್ದಾರೆಂಬ ಧೈರ್ಯ ನನಗೆ ನಿಜವಾಗಿಯೂ ಬೇಕಾಗಿತ್ತು.

ನಮ್ಮ ಕೊಪ್ಪಳ, ರಾಯಚೂರು ಕಡೆಯ ಐಟಿಐ ಹುಡುಗರು ಇದು ವಿಜ್ಞಾನಿಗಳಿಗಷ್ಟೇ ಸೇರಿದ್ದೆಂದು ತಿಳಿಯಬಾರದು. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವು ಈ ಯಾತ್ರೆಗಳಿಗೆ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ವೆಲ್ಡರ್, ಬಾಣಸಿಗರನ್ನೂ ಆರಿಸಿಕೊಳ್ಳುತ್ತದೆ. ವೈದ್ಯಕೀಯ ತಪಾಸಣೆ ಕಟ್ಟುನಿಟ್ಟಾಗಿರುತ್ತದೆ. ಉತ್ತರಾಖಂಡದ ಔಲಿಯಲ್ಲಿ ಹಿಮದ ತರಬೇತಿಯೂ ಇರುತ್ತದೆ. ಕೈಯಲ್ಲಿ ಕಸುಬಿರುವವರು ಅರ್ಜಿ ಹಾಕಲು ಹಿಂಜರಿಯಬೇಕಿಲ್ಲ.