ಮಾತು ಮತ್ತು ಕಿವಿಯ ಓದು: ಬಿಎಎಸ್‌ಎಲ್‌ಪಿ ಸೇರುವ ಮುಂಚೆ, ಸೇರಿದ ಮೇಲೆ

ಪಿಯುಸಿ ಫಲಿತಾಂಶ ಬಂದ ವಾರ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಮಗಳಿಗೆ ಮೆಡಿಕಲ್ ಸೀಟು ಕಷ್ಟ ಮೇಡಂ. ನೀವು ಓದಿದ್ದೀರಲ್ಲ, ಆ ಸ್ಪೀಚ್ ಅಂಡ್ ಹಿಯರಿಂಗ್, ಅದಕ್ಕೆ ಸೇರಿಸೋಣ ಅಂತ." ಖಂಡಿತ ಸೇರಿಸಿ, ಒಳ್ಳೆಯ ಓದು. ಮಾತಿನ, ಕೇಳಿಸುವಿಕೆಯ ತೊಂದರೆಗಳನ್ನು ಪತ್ತೆಹಚ್ಚಿ ಥೆರಪಿ ಕೊಡಲು ಕಲಿಸುವ ಪದವಿ ಇದು, ಚಿಕ್ಕದಾಗಿ ಬಿಎಎಸ್‌ಎಲ್‌ಪಿ. ಆದರೆ ಬೇರೆ ಸೀಟು ಸಿಗಲಿಲ್ಲ ಅಂತ ಸೇರಿಸಬೇಡಿ. ಎದುರಿಗಿರುವವರ ಮಾತನ್ನು ಕೂತು ಕೇಳಿಸಿಕೊಳ್ಳುವ ತಾಳ್ಮೆ ಇದ್ದವರಿಗೆ ಮಾತ್ರ ಇದು ಒಗ್ಗುತ್ತದೆ. ಆ ತಾಳ್ಮೆ ನಿಮಗಿದೆಯಾ ಅಂತ ಅರ್ಜಿ ಹಾಕುವ ಮುಂಚೆಯೇ ಗೊತ್ತುಮಾಡಿಕೊಳ್ಳಬಹುದು.

ಅರ್ಧ ದಿನ ನೋಡಿ ಬನ್ನಿ

ನಿಮ್ಮ ಊರಿನ ಹತ್ತಿರದ ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ಸ್ಪೀಚ್ ಥೆರಪಿ ವಿಭಾಗ ಇದ್ದರೆ, ಅಲ್ಲಿನ ಮುಖ್ಯಸ್ಥರನ್ನು ಕೇಳಿ ಅರ್ಧ ದಿನ ನೋಡಲು ಅನುಮತಿ ಪಡೆಯಿರಿ. ಥೆರಪಿಗೆ ಬಂದ ಮಗುವಿನ ಮನೆಯವರೂ ಒಪ್ಪಬೇಕು. ಫೋಟೊ, ವಿಡಿಯೊ ಬೇಡವೇ ಬೇಡ.

ಒಳಗೆ ಒಂದು ಚಾಪೆ, ನಾಲ್ಕು ಆಟಿಕೆ, ಮೂರು ವರ್ಷದ ಮಗು. ಥೆರಪಿಸ್ಟ್ ಚೆಂಡನ್ನು ಬೆನ್ನ ಹಿಂದೆ ಇಟ್ಟುಕೊಂಡು ಕಾಯುತ್ತಾರೆ. ಮಗು ಕೈ ಚಾಚುತ್ತದೆ. ಅವರು "ಬಾ" ಅನ್ನುತ್ತಾರೆ, ಮತ್ತೆ ಕಾಯುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಮಗು ಒಂದೇ ಒಂದು ಸಲ "ಬಾ" ಅನ್ನಬಹುದು, ಅನ್ನದೆಯೂ ಇರಬಹುದು. ಅದನ್ನು ನೋಡಿ ಹೊರಗೆ ಬಂದಾಗ "ನಾಳೆ ಏನಾಗುತ್ತೋ ನೋಡಬೇಕಲ್ಲ" ಅನ್ನಿಸಿತಾ? ಹಾಗಿದ್ದರೆ ಮುಂದಿನದನ್ನು ಓದಿ.

ಸೀಟು, ಕಾಲೇಜು, ಮಾನ್ಯತೆ

ಕೋರ್ಸಿನ ಪೂರ್ತಿ ಹೆಸರು ಬ್ಯಾಚುಲರ್ ಇನ್ ಆಡಿಯಾಲಜಿ ಅಂಡ್ ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ. ಮೂರು ವರ್ಷ ಪಾಠ, ನಾಲ್ಕನೆಯ ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಯಾವ ವಿಷಯಗಳಿರಬೇಕು, ಪ್ರವೇಶ ಪರೀಕ್ಷೆ ಯಾವುದು ಅನ್ನುವುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿ. ಹೋದ ವರ್ಷ ಸೇರಿದವರ ಮಾತು ನಂಬಿ ಕೂರಬೇಡಿ.

ಕರ್ನಾಟಕದವರ ಅದೃಷ್ಟ, ಈ ಓದಿನ ದೊಡ್ಡ ಮನೆ ನಮ್ಮಲ್ಲೇ ಇದೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾಯಿತು. ಜಯಚಾಮರಾಜ ಒಡೆಯರ್ ಕೊಟ್ಟ 22 ಎಕರೆ ಜಾಗದಲ್ಲಿ, 1966ರ ಜುಲೈನಲ್ಲಿ, ರಾಷ್ಟ್ರಪತಿ ರಾಧಾಕೃಷ್ಣನ್ ಅಡಿಗಲ್ಲು ಹಾಕಿದರು. ಈಗ ಅದು ಕೇಂದ್ರದ ಆರೋಗ್ಯ ಸಚಿವಾಲಯದ ಕೆಳಗಿದೆ. ಬೆಂಗಳೂರು, ಮಂಗಳೂರು, ಮಣಿಪಾಲ, ಧಾರವಾಡಗಳಲ್ಲೂ ಈ ವಿಷಯ ಕಲಿಸುವ ಕಾಲೇಜುಗಳಿವೆ.

ಕಾಲೇಜು ಯಾವುದೇ ಇರಲಿ, ಎರಡು ಪ್ರಶ್ನೆ ತಪ್ಪದೆ ಕೇಳಿ. ಒಂದು, ಮಾನ್ಯತೆ ಚಾಲ್ತಿಯಲ್ಲಿದೆಯಾ? ಈ ಓದಿಗೆ ಮಾನ್ಯತೆ ಕೊಡುತ್ತಾ ಬಂದಿರುವುದು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ. 2021ರ ಹೊಸ ಕಾನೂನಿನ ಪ್ರಕಾರ ಆರೋಗ್ಯ ವೃತ್ತಿಗಳಿಗೆ ಒಂದು ರಾಷ್ಟ್ರೀಯ ಆಯೋಗವೂ ಬಂದಿದೆ, ಅದರ ನಿಯಮಗಳ ಮೇಲೂ ಕಣ್ಣಿರಲಿ. ಎರಡನೆಯದು, ದಿನಕ್ಕೆ ಎಷ್ಟು ಜನ ರೋಗಿಗಳು ಬರುತ್ತಾರೆ? ಕಟ್ಟಡ ಎಷ್ಟೇ ಚೆನ್ನಾಗಿರಲಿ, ಕ್ಲಿನಿಕ್ ಖಾಲಿ ಇದ್ದರೆ ನೀವು ಕಲಿಯುವುದು ಏನೂ ಇರುವುದಿಲ್ಲ.

ಮೊದಲ ವರ್ಷ: ವರ್ಣಮಾಲೆಯನ್ನು ಮತ್ತೆ ಕಲಿಯಿರಿ

ಅಂಗರಚನೆ, ಭಾಷಾಶಾಸ್ತ್ರ, ಮನಃಶಾಸ್ತ್ರ, ಶಬ್ದದ ಭೌತಶಾಸ್ತ್ರ ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ಲಾಗರಿದಮ್ ಮರೆತಿದ್ದರೆ ರಜೆಯಲ್ಲೇ ಒಮ್ಮೆ ನೋಡಿಕೊಳ್ಳಿ. ಶಬ್ದವನ್ನು ಅಳೆಯುವ ಡೆಸಿಬಲ್ ನಡೆಯುವುದು ಆ ಲೆಕ್ಕದಲ್ಲೇ: ಶಬ್ದದ ಒತ್ತಡ ಹತ್ತು ಪಟ್ಟಾದರೆ ಡೆಸಿಬಲ್ ಏರುವುದು ಇಪ್ಪತ್ತು. ಇದು ತಲೆಗೆ ಹೋಗದಿದ್ದರೆ ಮುಂದೆ ಪ್ರತಿ ಸೆಮಿಸ್ಟರಿನಲ್ಲೂ ಕಾಡುತ್ತದೆ.

ಧ್ವನಿಶಾಸ್ತ್ರ ಮಾತ್ರ ನಮಗೆ ಅರ್ಧ ಗೊತ್ತಿರುವ ವಿಷಯ. ಕ, ಚ, ಟ, ತ, ಪ ಅಂತ ನಿಧಾನವಾಗಿ ಹೇಳಿ ನೋಡಿ. ನಾಲಿಗೆಯ ಕೆಲಸ ಗಂಟಲ ಕಡೆಯಿಂದ ಶುರುವಾಗಿ ಮುಂದಕ್ಕೆ ಬರುತ್ತಾ, ಕೊನೆಗೆ ತುಟಿಗೆ ಬಂದು ನಿಲ್ಲುತ್ತದೆ. ಒಂದನೇ ತರಗತಿಯಲ್ಲಿ ರಾಗವಾಗಿ ಹೇಳಿದ್ದೇ ಇಲ್ಲಿ ಮೊದಲ ಪಾಠ. ಒಂದು ಪುಟ್ಟ ಕನ್ನಡಿಯನ್ನು ಮೂಗಿನ ಕೆಳಗೆ ಹಿಡಿದು "ಮ್..." ಅನ್ನಿ, ಮಂಜು ಕಟ್ಟುತ್ತದೆ. "ಪಪ್ಪಪ್ಪ" ಅಂದಾಗ ಕಟ್ಟಬಾರದು. ಸೀಳು ಅಂಗುಳದ ಮಗು ಬಂದಾಗ ಗಾಳಿ ಮೂಗಿನಿಂದ ಸೋರುತ್ತಿದೆಯಾ ಅಂತ ಮೊದಲು ನೋಡುವುದೂ ಹೀಗೆಯೇ.

ಇಲ್ಲೇ ಒಂದು ಎಚ್ಚರಿಕೆ ಬೇಕು. ಮಂಡ್ಯದ ಕಡೆಯ ಹಳ್ಳಿಯ ಹುಡುಗ "ಹಾಲು" ಅನ್ನುವುದನ್ನು "ಆಲು" ಅಂದರೆ ತಕ್ಷಣ ತಪ್ಪು ಅಂತ ಬರೆದುಕೊಳ್ಳಬೇಡಿ. ಅವನ ಅಪ್ಪ, ಅಜ್ಜಿ, ಅಕ್ಕಪಕ್ಕದವರು ಎಲ್ಲರೂ ಹಾಗೇ ಅನ್ನುತ್ತಾರೆ. ಅದು ಅವನ ಮನೆಯ ಕನ್ನಡ, ಅದಕ್ಕೆ ಥೆರಪಿ ಬೇಕಿಲ್ಲ. ಅದೇ ಹುಡುಗ ಆರು ವರ್ಷವಾದರೂ "ಕಾಗೆ" ಅನ್ನುವುದನ್ನು "ತಾದೆ" ಅಂದರೆ ಆಗ ಕಿವಿ ಚುರುಕಾಗಬೇಕು. ಆಡುಭಾಷೆ ಯಾವುದು, ತೊಂದರೆ ಯಾವುದು ಅಂತ ಬೇರೆ ಮಾಡಿ ನೋಡುವುದನ್ನು ನಾನು ಈ ಓದಿನ ತಿರುಳು ಅನ್ನುತ್ತೇನೆ. ಇಂಗ್ಲಿಷ್ ಪುಸ್ತಕದಲ್ಲಿ ಅದು ಸಿಗುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ ಸುಮ್ನೆ ನಿಂತು ಕೇಳಿಸಿಕೊಳ್ಳಬೇಕು.

ಎರಡನೆಯ ವರ್ಷ: ಆಡಿಯೋಗ್ರಾಮ್ ಓದುವುದು

ಶ್ರವಣ ಪರೀಕ್ಷೆ ಮಾಡುವುದನ್ನು ಗೆಳೆಯರ ಕಿವಿಯ ಮೇಲೆ ಸಾಕಷ್ಟು ಸಲ ಅಭ್ಯಾಸ ಮಾಡಿ. ಕೇಳಿಸಿತು ಅಂತ ಕೈ ಎತ್ತಿದರೆ 10 ಡೆಸಿಬಲ್ ಇಳಿಸಿ. ಎತ್ತದಿದ್ದರೆ 5 ಏರಿಸಿ. ಹೀಗೆ 250ರಿಂದ 8000 ಹರ್ಟ್ಸ್‌ವರೆಗೆ, ಅಂದರೆ ದಪ್ಪ ಸ್ವರದಿಂದ ಕೀರಲು ಸ್ವರದವರೆಗೆ. ಪ್ರತಿ ಸ್ವರ ಎಷ್ಟು ಮೆಲ್ಲಗಿದ್ದರೂ ಕೇಳಿಸಿತು ಅಂತ ಗ್ರಾಫಿನಲ್ಲಿ ಗುರುತು ಹಾಕಿ ಗೆರೆ ಎಳೆದರೆ ಅದೇ ಆಡಿಯೋಗ್ರಾಮ್. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. ಒಂದು ವಾರದಲ್ಲಿ ಕೈಗೆ ಬಂದುಬಿಡುತ್ತದೆ.

ಆ ಗೆರೆ ಏನು ಹೇಳುತ್ತಿದೆ ಅನ್ನುವುದು ಬರಲು ಮಾತ್ರ ಜಾಸ್ತಿ ದಿನ ಬೇಕು. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಗೆರೆ ಬಲಗಡೆಗೆ, ಕೀರಲು ಸ್ವರದ ಕಡೆಗೆ, ಹೋಗುತ್ತಾ ಇಳಿಜಾರಾಗುತ್ತದೆ. ಅಂದರೆ ಆ, ಈ, ಊ ಚೆನ್ನಾಗಿ ಕೇಳಿಸುತ್ತವೆ; ಸ, ಶ, ತ ತಪ್ಪಿಹೋಗುತ್ತವೆ. ಅದಕ್ಕೇ ತಾತ "ಕೇಳ್ಸುತ್ತಪ್ಪ, ಏನು ಅಂತ ಗೊತ್ತಾಗಲ್ಲ" ಅನ್ನುವುದು. ಮನೆಯವರು ಕಿರುಚುತ್ತಾರೆ, ತಾತನಿಗೆ ಸಿಟ್ಟು ಬರುತ್ತದೆ. ಆ ಗೆರೆಯನ್ನು ಮೊಮ್ಮಗನಿಗೆ ತೋರಿಸಿ, "ಕಿರುಚಬೇಡಪ್ಪ, ಎದುರಿಗೆ ಬಂದು ನಿಧಾನವಾಗಿ ಮಾತಾಡು" ಅಂತ ಬಿಡಿಸಿ ಹೇಳಲು ಬಂದರೆ ನೀವು ಪಾಸಾದಂತೆ.

ಇದಕ್ಕೆ ಒಂದು ನೋಟ್‌ಬುಕ್ ಇಡಿ. ಕನ್ನಡ ಮಾಧ್ಯಮದಿಂದ ಬಂದವರಿಗಂತೂ ಇದು ತುಂಬಾ ಉಪಯೋಗ. ಎಡಗಡೆ ಪುಸ್ತಕದ ಪದ, ಬಲಗಡೆ ಅದನ್ನೇ ಒಬ್ಬ ಅಜ್ಜಿಗೆ ಹೇಗೆ ಹೇಳುತ್ತೀರಿ ಅನ್ನುವುದು. ಎಡಗಡೆ "ಸೆನ್ಸರಿನ್ಯೂರಲ್ ಹಿಯರಿಂಗ್ ಲಾಸ್". ಬಲಗಡೆ "ಒಳಗಿವಿ, ನರದ ಕಡೆಯ ತೊಂದರೆ ಅಜ್ಜಿ, ಎಣ್ಣೆ ಬಿಟ್ಟರೆ ಹೋಗುವಂಥದ್ದಲ್ಲ, ಎಣ್ಣೆ ಬಿಡಲೂಬಾರದು". ಪರೀಕ್ಷೆಯಲ್ಲಿ ಅಂಕ ಸಿಗುವುದು ಎಡಗಡೆಗೆ. ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಬರುವುದು ಬಲಗಡೆ.

ಕ್ಲಿನಿಕ್: ಪ್ರಶ್ನೆ ಕೇಳುವುದು ಹೇಗೆ

ನಾನು ಎರಡನೆಯ ವರ್ಷದಲ್ಲಿದ್ದಾಗ ಎರಡೂವರೆ ವರ್ಷದ ಗಂಡುಮಗುವಿನ ವಿವರ ಬರೆದುಕೊಳ್ಳುತ್ತಿದ್ದೆ. "ಮಗು ಮಾತಾಡುತ್ತಾ?" ಅಂದೆ. ತಾಯಿ "ಹೂಂ, ಎಲ್ಲ ಮಾತಾಡ್ತಾನೆ" ಅಂದರು. ಹಾಗೇ ಬರೆದುಕೊಂಡೆ. ಹಿಂದೆ ಕೂತಿದ್ದ ಅಜ್ಜಿ ಮೆಲ್ಲಗೆ, "ಎಲ್ಲದಕ್ಕೂ 'ಮ್ಮ' ಅಂತಾನಮ್ಮ. ನೀರಿಗೂ ಮ್ಮ, ನಾಯಿಗೂ ಮ್ಮ" ಅಂದರು. ಅಜ್ಜಿ ಬಾಯಿ ಬಿಡದಿದ್ದರೆ ಆ ಮಗು ಇನ್ನೆಷ್ಟು ತಿಂಗಳು ಹಾಗೇ ಉಳಿಯುತ್ತಿತ್ತೋ. ಆ ಮಾತು ಇವತ್ತಿಗೂ ನನ್ನ ಜೊತೆಗಿದೆ.

ಅವತ್ತಿನಿಂದ ಹೌದು, ಇಲ್ಲ ಅಂದು ಮುಗಿಸಬಹುದಾದ ಪ್ರಶ್ನೆ ಕೇಳುವುದನ್ನು ಬಿಟ್ಟೆ. "ನಿನ್ನೆ ಬಾಯಾರಿದಾಗ ಹೇಗೆ ಕೇಳಿದ?" "ಬೆನ್ನ ಹಿಂದಿನಿಂದ ಕರೆದರೆ ಏನು ಮಾಡುತ್ತಾನೆ?" ಹೀಗೆ ಕೇಳಿ. ಮಗುವನ್ನು ಹಗಲೆಲ್ಲ ನೋಡಿಕೊಳ್ಳುವವರು ಯಾರೋ ಅವರನ್ನೇ ಕೇಳಿ. ತಾಯಿಯನ್ನು ದೂರುವ ಒಂದು ಮಾತೂ ನಿಮ್ಮ ಬಾಯಿಂದ ಬರದಿರಲಿ. ಮಾತು ತಡವಾದ ಮಗುವಿನ ತಾಯಿ ಅಷ್ಟರಲ್ಲಾಗಲೇ ಊರೆಲ್ಲರಿಂದ ಕೇಳಿಸಿಕೊಂಡು ಬಂದಿರುತ್ತಾಳೆ.

ಥೆರಪಿಯ ಸಾಮಾನನ್ನು ನೀವೇ ಮಾಡಿಕೊಳ್ಳಿ. ಕಾಲು–ಕಾಳು, ಹುಲಿ–ಹುಳಿ, ಬೆಲೆ–ಬೆಳೆ ಇಂಥ ಜೋಡಿಗಳಿಗೆ ಚಿತ್ರ ಅಂಟಿಸಿದ ಕಾರ್ಡುಗಳಿದ್ದರೆ "ಳ" ಬಾರದ ಮಗುವಿನ ಜೊತೆ ಒಂದು ತಿಂಗಳು ಆಡಬಹುದು.

ಕಿವಿ ಮಷೀನು, ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ) ಹಾಕಿದ ಮಕ್ಕಳಿಗೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆಯನ್ನು ತಂದೆತಾಯಿಗೆ ಕಲಿಸಿಕೊಡಿ. ನಿಮ್ಮ ತುಟಿ ಮಗುವಿಗೆ ಕಾಣದ ಹಾಗೆ ಕೂತು, ಆ, ಈ, ಊ, ಮ್, ಶ್, ಸ್ ಅಂತ ಆರು ಶಬ್ದ ಹೇಳಿ. ಒಂದೇ ಲಯದಲ್ಲಿ ಬೇಡ, ನಡುನಡುವೆ ಕಾಯಬೇಕು. ಕೇಳಿಸಿದಾಗಲೆಲ್ಲ ಮಗು ಒಂದು ಮಣಿಯನ್ನು ಡಬ್ಬಿಗೆ ಹಾಕಬೇಕು. ನಿನ್ನೆವರೆಗೂ "ಸ್" ಕೇಳಿದ ಮಗು ಇವತ್ತು ಮಣಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರೆ ಮೊದಲು ಬ್ಯಾಟರಿ ನೋಡಿ, ಆಮೇಲೆ ಮಷೀನು, ಆಮೇಲೆ ಕಿವಿ.

ಕೊನೆಯ ವರ್ಷ, ಅದರಾಚೆ

ಇಂಟರ್ನ್‌ಶಿಪ್ಪಿನಲ್ಲಿ ಇಷ್ಟವಾದ ಒಂದೇ ವಿಭಾಗಕ್ಕೆ ಅಂಟಿಕೊಳ್ಳಬೇಡಿ. ನವಜಾತ ಶಿಶುಗಳ ತಪಾಸಣೆ, ಪಾರ್ಶ್ವವಾಯು ಆಗಿ ಮಾತು ಕಳೆದುಕೊಂಡವರು, ನುಂಗಲು ಕಷ್ಟಪಡುವವರು, ಉಗ್ಗುವವರು, ಗಂಟಲು ಕಟ್ಟಿದ ಟೀಚರುಗಳು ಎಲ್ಲರನ್ನೂ ನೋಡಿ. ಶಿಶುಗಳ ವಿಷಯದಲ್ಲಿ 1-3-6 ಅನ್ನುವ ಲೆಕ್ಕ ಬಾಯಿಪಾಠ ಇರಲಿ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ತೊಂದರೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು.

ಮುಗಿದ ಮೇಲೆ ಆರ್‌ಸಿಐ ನೋಂದಣಿ ಸಂಖ್ಯೆ ಪಡೆಯುವುದನ್ನು ಮುಂದೂಡಬೇಡಿ, ಅದಿಲ್ಲದೆ ಕೆಲಸ ಮಾಡುವ ಹಾಗಿಲ್ಲ. ಆಸ್ಪತ್ರೆ, ಶಾಲೆ, ಮಕ್ಕಳ ತೊಂದರೆ ಬೇಗ ಕಂಡುಹಿಡಿಯುವ ಜಿಲ್ಲಾ ಶೀಘ್ರ ಪತ್ತೆ ಕೇಂದ್ರ, ಹಿಯರಿಂಗ್ ಏಡ್ ಕಂಪನಿ, ಸ್ವಂತ ಕ್ಲಿನಿಕ್, ಎಲ್ಲ ಕಡೆ ಜಾಗವಿದೆ. ಎಂಎಸ್ಸಿಯಲ್ಲಿ ಆಡಿಯಾಲಜಿ ಬೇರೆ, ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ ಬೇರೆ. ಯಾವುದು ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಈಗ ಮಾಡಬೇಕಾದ್ದು ಇಷ್ಟೇ. ಕಾಲೇಜು ಶುರುವಾಗುವ ಮುಂಚಿನ ರಜೆಯಲ್ಲಿ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರುವ ಎರಡು ಮೂರು ವರ್ಷದ ಮಗುವಿನ ಜೊತೆ ದಿನಾ ಐದು ನಿಮಿಷ ಆಡಿ. ಅದು ಆಡಿದ ಮಾತನ್ನು ಸರಿಮಾಡದೆ, ಹೇಗೆ ಕೇಳಿಸಿತೋ ಹಾಗೇ ಬರೆದಿಡಿ. ರೊಟ್ಟಿಗೆ "ಲೊಟ್ಟಿ" ಅಂದರೆ ಲೊಟ್ಟಿ ಅಂತಲೇ. ತಾರೀಖು ಹಾಕುವುದನ್ನು ಮರೆಯಬೇಡಿ.