ಬೆಂಗಳೂರು ಬಿಟ್ಟು ಯಾವ ಊರಿಗೆ? ನಾವು ಆರಿಸಿದ ಬಗೆ

ನಿವೃತ್ತಿಯಾದ ಮೇಲೆ ಬೆಂಗಳೂರು ಬಿಡುವುದೆಂದು ನಾನೂ ನಮ್ಮ ಯಜಮಾನರೂ ನಿಶ್ಚಯಿಸಿದಾಗ ಮಾತಿನಲ್ಲಿ ಉಳಿದದ್ದು ಮಂಗಳೂರು, ಧಾರವಾಡ, ಮೈಸೂರು. ಸಲಹೆ ಕೊಟ್ಟವರೆಲ್ಲ ತಂತಮ್ಮ ಊರನ್ನೇ ಹೊಗಳಿದರು. ಹಾಗಾಗಿ ಒಂದು ನೇಮ ಮಾಡಿಕೊಂಡೆವು: ಯಾವ ಊರನ್ನೂ ಅದರ ಒಳ್ಳೆಯ ಕಾಲದಲ್ಲಿ ನೋಡಬಾರದು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡ ಯಾರಿಗೆ ಬೇಡ?

ಮಂಗಳೂರಿಗೆ ಹೋದದ್ದು ಜುಲೈನಲ್ಲಿ. ಆಸ್ಪತ್ರೆಗಳ ವಿಷಯದಲ್ಲಿ ದೂರುವಂತಿಲ್ಲ, ವೈದ್ಯಕೀಯ ಕಾಲೇಜುಗಳೇ ಹಲವಿವೆ. ಆದರೆ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಊರು. ಒಗೆದ ಬಟ್ಟೆ ಒಣಗದು, ಗೋಡೆಗೆಲ್ಲ ಬೂಷ್ಟು. ಯಜಮಾನರಿಗೆ ಆಸ್ತಮಾ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬೆಂಗಳೂರಿನ ಮಗಳ ಮನೆಗೆ ಹೋಗುವುದೂ ಫಜೀತಿ. ಅಲ್ಲಿಗೆ ಆ ಮಾತು ಮುಗಿಯಿತು.

ನನ್ನ ಮನಸ್ಸಿದ್ದದ್ದು ಧಾರವಾಡದಲ್ಲಿ. ಸಂಗೀತವಿದೆ, ಸಾಹಿತ್ಯವಿದೆ, ಹುಬ್ಬಳ್ಳಿಗೆ ಹೋಗಿಬರಲು ಚಿಗರಿ ಬಸ್ಸಿದೆ. 2023ರಿಂದ ಬೆಂಗಳೂರಿಗೆ ವಂದೇ ಭಾರತ್ ರೈಲೂ ಇದೆ. ಏಪ್ರಿಲ್‌ನಲ್ಲಿ ಬಾಡಿಗೆ ಮನೆ ನೋಡಲು ಹೋದರೆ ಮಾಲೀಕರು ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ಅಂಗಳದ ಸಂಪನ್ನು! ಮುಚ್ಚಳ ತೆಗೆದು ಅದರ ಆಳವನ್ನು ಹೆಮ್ಮೆಯಿಂದ ವರ್ಣಿಸಿದರು. ಮಲಪ್ರಭೆಯ ನೀರು ಆ ಓಣಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಿದೆ. ಅವರು ಹವೆಯ ಬಗ್ಗೆ ಮಾತಾಡಿದರು. ಪಕ್ಕದ ಮನೆಯ ಬಾಡಿಗೆದಾರರನ್ನು ಕೇಳಿದಾಗ ನಿಜ ತಿಳಿಯಿತು. ಅಂದಿನಿಂದ ಎಲ್ಲಿಗೆ ಹೋದರೂ ಮಾಲೀಕರನ್ನು ಬಾಡಿಗೆಯ ಬಗ್ಗೆ ಮಾತ್ರ ಕೇಳುತ್ತಿದ್ದೆ. ನೀರು, ಒಳಚರಂಡಿ, ರಾತ್ರಿ ತೆರೆದಿರುವ ಔಷಧಿ ಅಂಗಡಿ ಇವೆಲ್ಲ ಅಕ್ಕಪಕ್ಕದವರಿಂದಲೇ.

ಮೈಸೂರಿಗೆ ಕೆಟ್ಟ ಕಾಲ ಯಾವುದೆಂದು ಹುಡುಕಿದರೆ ಸಿಕ್ಕಿದ್ದು ದಸರೆಯ ನೂಕುನುಗ್ಗಲು. ನೋಡುವವರಿಗೆ ಹಬ್ಬ, ಮನೆ ಹುಡುಕುವವರಿಗೆ ಪಡಿಪಾಟಲು. ಅಲ್ಲಿಯೂ ಎಲ್ಲವೂ ಸರಿಯಿಲ್ಲ. ಹೊರವರ್ತುಲ ರಸ್ತೆಯಾಚೆ ನಾವು ನೋಡಿದ ಖಾಸಗಿ ಬಡಾವಣೆಯಲ್ಲಿ ಮನೆಗಳು ವಿಶಾಲ, ಆದರೆ ಕೊಳವೆಬಾವಿಯೇ ಗತಿ. ಹಾಲು ತರುವುದಕ್ಕೂ ಸ್ಕೂಟರ್ ಹತ್ತಬೇಕು. ಎಪ್ಪತ್ತು ದಾಟಿದ ಮೇಲೆ ಸ್ಕೂಟರ್ ಓಡಿಸುವವರು ಯಾರು? ಕುವೆಂಪುನಗರದ ಹಳೆಯ ಮನೆ ಚಿಕ್ಕದು, ಬಾಡಿಗೆ ಹೆಚ್ಚು. ಆದರೆ ತರಕಾರಿ, ಬ್ಯಾಂಕು, ಬಸ್ಸು ಎಲ್ಲವೂ ನಡೆದುಹೋಗುವಷ್ಟು ಹತ್ತಿರ. ನಲ್ಲಿಯಲ್ಲಿ ಕಾವೇರಿ ನೀರು.

ಹನ್ನೊಂದು ತಿಂಗಳ ಕರಾರು ಬರೆಸಿ ಅಲ್ಲಿಯೇ ಇಳಿದಿದ್ದೇವೆ. ಯಜಮಾನರು ಈಗ ಮಧ್ಯವರ್ತಿಯೊಬ್ಬರೊಡನೆ ವರುಣಾ ಕಡೆ ನಿವೇಶನ ನೋಡಲು ಓಡಾಡುತ್ತಿದ್ದಾರೆ. ಒಂದು ಬೇಸಿಗೆ ಕಳೆಯದೆ ನಾನು ಸಹಿ ಹಾಕುವುದಿಲ್ಲವೆಂದು ಹೇಳಿಬಿಟ್ಟಿದ್ದೇನೆ.